ಪಹಣಿ ಕಂಪ್ಯೂಟರ್‌ಗೆ ಬಂತು, ಲಂಚ ಎಲ್ಲಿಗೆ ಹೋಯ್ತು?

ರಾಗಿಮುದ್ದೆ72

ಬೇಜಾರಲ್ಲಿ ಬರೆಯುತ್ತಿದ್ದೇನೆ, ಉದ್ದ ಆದರೆ ಬೈಬೇಡಿ.

ಅಪ್ಪ ಹೋಗಿ ಒಂದೂವರೆ ವರ್ಷ ಆಯ್ತು. ಎರಡು ಎಕರೆ ಹನ್ನೊಂದು ಗುಂಟೆ ಜಮೀನಿದೆ. ಪೌತಿ ಖಾತೆ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋಣ ಅಂತ ಹೊರಟರೆ ಪಹಣಿಯ (ಜಮೀನು ಯಾರದು ಅಂತ ಹೇಳುವ ಸರ್ಕಾರಿ ದಾಖಲೆ) ಒಂಬತ್ತನೇ ಕಲಂನಲ್ಲಿ ಅಪ್ಪನ ಹೆಸರೇ ತಪ್ಪು. 'ಲಿಂಗ' ಇರಬೇಕಾದ ಕಡೆ 'ಗಂಗ' ಆಗಿದೆ. ಮರಣ ಪ್ರಮಾಣಪತ್ರ ಸರಿ ಇದೆ, ಆಧಾರ್ ಸರಿ ಇದೆ. ಪಹಣಿಯಲ್ಲಿ ಮಾತ್ರ ನಮ್ಮಪ್ಪ ಬೇರೆ ಯಾರೋ.

ತಾಲೂಕು ಕಚೇರಿಗೆ ಮೂರು ಸಲ ಹೋದೆ. ಮೊದಲ ಸಲ, "ಇಲ್ಲಿ ತಗೊಳಲ್ಲ, ಆನ್‌ಲೈನ್‌ನಲ್ಲಿ ಹಾಕಿ." ಹಾಕಿದೆ. ಎರಡನೇ ಸಲ, "ಸರ್ವರ್ ಇಲ್ಲ." ಮೂರನೇ ಸಲ, "ಸಾಹೇಬರ ಲಾಗಿನ್‌ನಲ್ಲಿದೆ." ಸಾಹೇಬರು ಎಲ್ಲಿದ್ದಾರೆ ಅಂದರೆ ವಿಡಿಯೊ ಕಾನ್ಫರೆನ್ಸ್‌ನಲ್ಲಿ.

ಹೊರಗೆ ಬಂದು ಟೀ ಕುಡಿಯುತ್ತಿದ್ದೆ. ಪಕ್ಕದ ಜೆರಾಕ್ಸ್ ಅಂಗಡಿಯವನು ನನ್ನ ಕೈಲಿದ್ದ ಅರ್ಜಿ ನಂಬರ್ ನೋಡಿದ. ತನ್ನ ಮೊಬೈಲ್‌ನಲ್ಲಿ ಎರಡು ಸಲ ಒತ್ತಿ, "ಅಣ್ಣ, ನಿಮ್ಮದು ಕೇಸ್ ವರ್ಕರ್ ಹತ್ತಿರಾನೇ ಇದೆ, ಸಾಹೇಬರವರೆಗೂ ಹೋಗೇ ಇಲ್ಲ. ಎಂಟು ಕೊಡಿ, ವಾರದಲ್ಲಿ ಮುಗಿಸೋಣ" ಅಂದ. ಎಂಟು ಅಂದರೆ ಎಂಟು ಸಾವಿರ. ನನಗೆ ಸಿಟ್ಟು ಬಂದಿದ್ದು ದುಡ್ಡಿಗಲ್ಲ. ನನ್ನ ಅರ್ಜಿ ಎಲ್ಲಿದೆ ಅಂತ ನನಗೆ ಕಾಣಿಸಲ್ಲ, ಅವನಿಗೆ ಕಾಣಿಸುತ್ತೆ!

ಪಹಣಿಯನ್ನು ಕಂಪ್ಯೂಟರ್‌ಗೆ ಹಾಕಿದ 'ಭೂಮಿ' ಯೋಜನೆ ಬಂದ ಹೊಸತರಲ್ಲಿ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಪಹಣಿ ತಗೊಂಡು ಊರೆಲ್ಲ ತೋರಿಸಿದವನು ನಾನು. ಇನ್ನು ಲಂಚದ ಕಾಲ ಮುಗೀತು ಅಂತ ಭಾಷಣ ಬೇರೆ ಮಾಡಿದ್ದೆ. ಈಗ ಮಂತ್ರಿಗಳು ಹೊಸ ಆ್ಯಪ್ ಉದ್ಘಾಟನೆ ಮಾಡಿದರೆ ನಗು ಬರುತ್ತೆ. ನಾನು ಸಿನಿಕನಾದೆನಾ, ಇಲ್ಲ ಬುದ್ಧಿ ಬಂತಾ?

ಸುಮ್ನೆ_ಓದುಗ

ಲಂಚ ಎಲ್ಲಿಗೂ ಹೋಗಿಲ್ಲ ಸರ್. ಮೊದಲು ಮೇಜಿನ ಕೆಳಗಿತ್ತು, ಈಗ ಜೆರಾಕ್ಸ್ ಅಂಗಡಿಯ ಕ್ಯೂಆರ್ ಕೋಡ್‌ನಲ್ಲಿದೆ.

ಚಿತ್ರಾನ್ನಪ್ರಿಯ

"ಸರ್ವರ್ ಇಲ್ಲ" ಅನ್ನೋದು ಹಳೇ "ಸಾಹೇಬರು ಊಟಕ್ಕೆ ಹೋಗಿದ್ದಾರೆ" ಮಾತಿನ ಮೊಮ್ಮಗ. ಸಾಹೇಬರಾದರೂ ಊಟ ಮುಗಿಸಿ ಬರುತ್ತಿದ್ದರು.

ಕೋಡ್‌ಕೂಲಿ

ನಾನು ಇಂಥ ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲೇ ಇರೋದು, ಅದಕ್ಕೆ ಹೇಳುತ್ತೇನೆ. ಯಂತ್ರ ಮೂಕ ಅಲ್ಲ. ಯಾವ ಅರ್ಜಿ ಯಾರ ಲಾಗಿನ್‌ನಲ್ಲಿ ಎಷ್ಟು ದಿನ ಕೂತಿತ್ತು, ಎಷ್ಟು ಗಂಟೆಗೆ ತೆರೆದರು, ಎಷ್ಟು ಗಂಟೆಗೆ ಮುಚ್ಚಿದರು, ಎಲ್ಲಾ ಸಾಲುಸಾಲಾಗಿ ಡೇಟಾಬೇಸ್‌ನಲ್ಲಿ ಬಿದ್ದಿರುತ್ತೆ. ಅದನ್ನು ಅರ್ಜಿದಾರನಿಗೆ ತೋರಿಸಬೇಕಾ ಬೇಡವಾ ಅನ್ನೋದು ಮನುಷ್ಯರ ತೀರ್ಮಾನ.

ಒಂದು ಕಡೆ (ಹೆಸರು ಬೇಡ) ಡ್ಯಾಶ್‌ಬೋರ್ಡ್ ಮಾಡಿಕೊಟ್ಟಿದ್ದೆ. ಗಡುವು ಮೀರಿದ ಅರ್ಜಿ ಕೆಂಪು, ಸಮಯಕ್ಕೆ ಮುಗಿದದ್ದು ಹಸಿರು. ಮೊದಲ ತಿಂಗಳು ಪರದೆ ತುಂಬಾ ಕೆಂಪು, ಕುಂಕುಮ ಚೆಲ್ಲಿದ ಹಾಗೆ. ಎರಡನೇ ತಿಂಗಳು ಪೂರ್ತಿ ಹಸಿರು. ಪರವಾಗಿಲ್ವೇ ಅಂತ ಖುಷಿಪಟ್ಟು ಒಳಗೆ ಇಣುಕಿದೆ. ಗಡುವಿನ ಹಿಂದಿನ ದಿನ ಸಂಜೆ ಐದರ ಮೇಲೆ ರಾಶಿ ರಾಶಿ ಅರ್ಜಿ "ದಾಖಲೆ ಸರಿಯಿಲ್ಲ" ಅಂತ ವಾಪಸ್ ಆಗಿದ್ದವು. ತಿರಸ್ಕಾರವೂ ವಿಲೇವಾರಿಯೇ. ಲೆಕ್ಕದಲ್ಲಿ ಹಸಿರು.

ಮೇಲಿನವರಿಗೆ ಹೇಳಿದೆ. "ಅದು ಪಾಲಿಸಿ ವಿಷಯ, ನೀವು ಬಟನ್ ಬಣ್ಣ ನೋಡಿಕೊಳ್ಳಿ" ಅಂದರು.

ರಾಗಿಮುದ್ದೆ72

@ಕೋಡ್‌ಕೂಲಿ ನೀವು ಬಟನ್ ಬಣ್ಣ ನೋಡಿಕೊಂಡಿರಾ?

ಕೋಡ್‌ಕೂಲಿ

ನೋಡಿಕೊಂಡೆ ಸರ್. ಮನೆ ಸಾಲ ಇತ್ತು.

ನಿವೃತ್ತ_ಗುಮಾಸ್ತ

ಮೂವತ್ತಮೂರು ವರ್ಷ ಕಂದಾಯ ಇಲಾಖೆಯಲ್ಲಿ ಸವೆದವನು ನಾನು. ಎಲ್ಲರೂ ಇಲಾಖೆಗೆ ಬೈಯುತ್ತಿದ್ದೀರಿ, ಬೈಯಿರಿ, ಹಕ್ಕಿದೆ. ಆದರೆ ಹಳೇ ಕಾಲ ಹೇಗಿತ್ತು ಅಂತಲೂ ಸ್ವಲ್ಪ ಕೇಳಿ.

ಶಾನುಭೋಗರ ಕಾಲದಲ್ಲಿ ಊರಿನ ಲೆಕ್ಕ ಅವರ ಮನೆಯ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಅವರ ಅಕ್ಷರ ಅವರಿಗೇ ಓದಲು ಬರಬೇಕು. 1961ರ ಕಾಯ್ದೆ ವಂಶಪಾರಂಪರ್ಯದ ಶಾನುಭೋಗಿಕೆ ತೆಗೆಯಿತು. ಆಮೇಲೆ ಗ್ರಾಮ ಲೆಕ್ಕಿಗರು. ಪೆಟ್ಟಿಗೆ ಹೋಗಿ ಚೀಲ ಬಂತು, ಅಷ್ಟೇ. ಪಹಣಿ ಬೇಕು ಅಂದರೆ ಲೆಕ್ಕಿಗರು ಯಾವ ಊರಲ್ಲಿದ್ದಾರೆ ಅಂತ ಹುಡುಕಿಕೊಂಡು ಹೋಗಬೇಕು. ಸಿಕ್ಕರೆ ಕೋಳಿ, ಸಿಗದಿದ್ದರೆ ನಾಳೆ.

2000-01ರ ಹೊತ್ತಿಗೆ 'ಭೂಮಿ' ಬಂತು. 177 ತಾಲೂಕು, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಅಂತ ಆದೇಶವಾಯ್ತು. ನಾವು ಹೆಬ್ಬೆಟ್ಟು ಇಟ್ಟೇ ಕಂಪ್ಯೂಟರ್ ತೆರೆಯಬೇಕು, ನಾಳೆ "ನಾನು ಮಾಡಿಲ್ಲ" ಅನ್ನೋ ಹಾಗಿಲ್ಲ. ಮ್ಯುಟೇಶನ್ (ಖಾತೆ ಬದಲಾವಣೆ) ಅರ್ಜಿಗಳು ಬಂದ ಸರದಿಯಲ್ಲೇ ಹೋಗಬೇಕು, ನಡುವೆ ಯಾರನ್ನೂ ತೂರಿಸುವಂತಿಲ್ಲ. ನಮ್ಮಲ್ಲೇ ಎಷ್ಟು ಜನ ಮುಖ ಸಿಂಡರಿಸಿಕೊಂಡಿದ್ದರು ಅಂತ ನನಗೆ ಗೊತ್ತು. ಸುಮ್ಮನೆ ಮುಖ ಸಿಂಡರಿಸುತ್ತಾರಾ? ಎಲ್ಲೋ ಹೊಟ್ಟೆಗೆ ಏಟು ಬಿದ್ದಿತ್ತು ಅಂತ ಅಲ್ವಾ?

ಪಹಣಿ ಪ್ರತಿ ತಗೊಳ್ಳೋದರಲ್ಲಿ ಲಂಚ ಹೋಯ್ತು, ಇದು ಸತ್ಯ. ತಿದ್ದುಪಡಿಯಲ್ಲಿ ಹೋಗಲಿಲ್ಲ, ಇದೂ ಸತ್ಯ. ಪ್ರತಿ ಕೊಡೋದು ಯಂತ್ರದ ಕೆಲಸ. ತಿದ್ದೋದಕ್ಕೆ ಮನುಷ್ಯ ಮನಸ್ಸು ಮಾಡಬೇಕು.

ರಾಗಿಮುದ್ದೆಯವರೇ, ನಿಮ್ಮ ತಂದೆಯವರ ಹೆಸರು ಕೈಬರಹದ ಪಹಣಿಯಲ್ಲಿ ಹೇಗಿದೆ ನೋಡಿದ್ದೀರಾ? ಡೇಟಾ ಎಂಟ್ರಿ ಮಾಡಿದ್ದು ಖಾಸಗಿ ಏಜೆನ್ಸಿಗಳ ಹುಡುಗರು. ಊರು ಗೊತ್ತಿಲ್ಲ, ಮೋಡಿ ಅಕ್ಷರ ನೋಡಿ ಅಭ್ಯಾಸ ಇಲ್ಲ. ಪ್ರಿಂಟ್ ತೆಗೆದು ಲೆಕ್ಕಿಗರಿಗೆ ಕೊಡುತ್ತಿದ್ದರು, ಅವರು ಮೂಲದ ಜೊತೆ ತಾಳೆ ನೋಡಿ ಸಹಿ ಹಾಕಬೇಕು. ಎಲ್ಲರೂ ತಾಳೆ ನೋಡಿದರು ಅಂತ ನಾನು ಎದೆ ಮುಟ್ಟಿ ಹೇಳಲಾರೆ. ರೆಕಾರ್ಡ್ ರೂಮಿನಿಂದ ಹಳೇ ಪಹಣಿಯ ದೃಢೀಕೃತ ನಕಲು ತೆಗೆಸಿ.

ಮಲಪ್ರಭಾ_ದಂಡಿ

ಗುಮಾಸ್ತ ಸರ್ ಭಾಳ ಚಂದ ಹೇಳಿದ್ರಿ. "ಸಿಕ್ಕರೆ ಕೋಳಿ" ಅಂದಿದ್ದು ಓದಿ ಮನ್ಯಾಗ ಎಲ್ಲಾರಿಗೂ ಓದಿ ತೋರಿಸಿದೆ. ನಮ್ಮಜ್ಜ ಎರಡು ಕೋಳಿ ಕೊಟ್ಟಿದ್ದನಂತ್ರಿ.

ಗೋಡೆಗಡಿಯಾರ

ಗುಮಾಸ್ತರ ಮಾತಿಗೆ ಒಂದು ಸೇರಿಸುತ್ತೇನೆ. 2007ರಲ್ಲಿ ಬೆಂಗಳೂರಿನ ಸುತ್ತಮುತ್ತ ಓಡಾಡಿ ಕೆಲವು ಸಂಶೋಧಕರು 'ಭೂಮಿ' ಬಗ್ಗೆ ವರದಿ ಬರೆದರು. ಅವರ ಪ್ರಕಾರ ಲಂಚ ಕಡಿಮೆ ಆಗಲಿಲ್ಲ, ಊರಿನಿಂದ ತಾಲೂಕಿಗೆ ವರ್ಗ ಆಯ್ತು. ಜೊತೆಗೆ ಯಾರ ಜಮೀನು ಎಲ್ಲಿದೆ ಅಂತ ದೊಡ್ಡ ಕುಳಗಳಿಗೆ ಸುಲಭವಾಗಿ ಸಿಕ್ಕಿತು. ಊರಿನ ಲೆಕ್ಕಿಗನ ಹತ್ತಿರ ರೈತ ಜಗಳ ಆಡಬಹುದಿತ್ತು. ಯಾಕೆಂದರೆ ಅವನೂ ಅದೇ ಜಾತ್ರೆಗೆ ಬರಬೇಕು, ಅದೇ ಮದುವೆಯಲ್ಲಿ ಪಕ್ಕದ ಎಲೆಗೆ ಕೂರಬೇಕು. ಸರ್ವರ್ ಜೊತೆ ಯಾರು ಜಗಳ ಆಡ್ತಾರೆ?

ಘಟ್ಟದ_ಕೆಳಗಿನವ

ಎಂಥ ಮಾರಾಯ್ರೆ, ಎಲ್ಲರೂ ಶ್ರಾದ್ಧದ ಮನೆಯಲ್ಲಿ ಕೂತ ಹಾಗೆ ಮಾತಾಡ್ತಿದ್ದೀರಿ. ನಾನು ಈಗ ಮನೆಯಲ್ಲಿ ಕೂತು ಮೊಬೈಲ್‌ನಲ್ಲಿ ಪಹಣಿ ನೋಡ್ತೇನೆ. ಗಲ್ಫ್‌ನಲ್ಲಿರುವ ನನ್ನ ತಮ್ಮ ಅಲ್ಲಿಂದಲೇ ನೋಡ್ತಾನೆ. ಮೊದಲು ಇದಕ್ಕೆ ಒಂದು ದಿನ ರಜೆ, ಬಸ್ ಚಾರ್ಜು, ಊಟ. ಇದೆಲ್ಲ ಲೆಕ್ಕಕ್ಕಿಲ್ಲವಾ? ಒಂದು ಅಕ್ಷರ ತಪ್ಪಾದರೆ ಇಡೀ ವ್ಯವಸ್ಥೆ ಕಳ್ಳರದ್ದು ಅಂತ ಹೇಳುವುದು ಸುಲಭ. ಎಲ್ಲರೂ ಕಳ್ಳರು ಅಂದುಬಿಟ್ಟರೆ ನಾವು ಏನೂ ಮಾಡಬೇಕಿಲ್ಲ ನೋಡಿ, ಆರಾಮ.

ಸುಮ್ನೆ_ಓದುಗ

@ಘಟ್ಟದ_ಕೆಳಗಿನವ ಪಹಣಿ ನೋಡೋದು ಸರಿ. ತಿದ್ದಿಸಿ ನೋಡಿ, ಆಮೇಲೆ ಮಾತಾಡೋಣ.

ಅಕ್ಕಿರೊಟ್ಟಿ

ನೀವೆಲ್ಲ ಜಮೀನು ಇರುವವರು. ಜಮೀನು ಇಲ್ಲದವರ ಕಥೆ ಹೇಳ್ತೀನಿ.

ನಮ್ಮನೆ ಕೆಲಸಕ್ಕೆ ಬರುವ ಅಕ್ಕನಿಗೆ ಅರವತ್ತು ದಾಟಿದೆ. ನಲವತ್ತು ವರ್ಷ ಪಾತ್ರೆ ತಿಕ್ಕಿದ ಕೈ. ಪಡಿತರ ಅಂಗಡಿಯ ಯಂತ್ರ ಅವರ ಬೆರಳನ್ನು ಗುರುತೇ ಹಿಡಿಯಲ್ಲ. ಹೋದ ತಿಂಗಳು ನಾನೇ ಜೊತೆಗೆ ಹೋಗಿದ್ದೆ. ಬಲ ಹೆಬ್ಬೆರಳು ಇಟ್ಟರು, ಕುಂಯ್ ಅಂತು. ಎಡ ಹೆಬ್ಬೆರಳು, ಕುಂಯ್. ಅಂಗಡಿಯವನು, ಪಾಪ ಅವನ ತಪ್ಪೇನಿಲ್ಲ, ಒಂದು ಒದ್ದೆ ಬಟ್ಟೆ ಕೊಟ್ಟ. ಒರೆಸಿ ಸೆರಗಿಗೆ ಉಜ್ಜಿಕೊಂಡು ಮತ್ತೆ ಇಟ್ಟರು. ಉಂಗುರದ ಬೆರಳೂ ಆಯ್ತು. ಹಿಂದೆ ಸಾಲಲ್ಲಿದ್ದ ಹುಡುಗಿ "ಅಜ್ಜಿ, ತಲೆಗೆ ಉಜ್ಜಿಕೊಂಡು ಇಡಿ, ಎಣ್ಣೆ ತಾಗಿದರೆ ಬರುತ್ತೆ" ಅಂದಳು. ತಲೆಗೆ ಉಜ್ಜಿಕೊಂಡು ಇಟ್ಟರು. ಬಂತು! ಸಾಲಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಅಕ್ಕ ನಕ್ಕರು. ನನಗೆ ಮಾತ್ರ ಅಳು ಬಂದಿತ್ತು. ಐದು ಕೆಜಿ ಅಕ್ಕಿಗೆ ತಾನು ತಾನೇ ಅಂತ ಒಬ್ಬರು ತಲೆ ಉಜ್ಜಿಕೊಂಡು ಸಾಬೀತು ಮಾಡಬೇಕಾ?

ಚಿತ್ರಾನ್ನಪ್ರಿಯ

ನಮ್ಮೂರಲ್ಲಿ ಬೆರಳು ಬರುತ್ತೆ, ನೆಟ್‌ವರ್ಕ್ ಬರಲ್ಲ. ಯಂತ್ರ ಹಿಡಿದು ನೀರಿನ ಟ್ಯಾಂಕ್ ಹತ್ತಿರದ ದಿಬ್ಬಕ್ಕೆ ಹೋಗ್ತಾರೆ. ಹೆಬ್ಬೆಟ್ಟು ಅಲ್ಲಿ, ಅಕ್ಕಿ ಇಲ್ಲಿ.

ಗೋಡೆಗಡಿಯಾರ

ಪಡಿತರದ ಬೆರಳಚ್ಚಿನಿಂದ ಆಧಾರ್ ವಿಷಯ ಬಂತಲ್ಲ, ರಾಜಕೀಯದವರ ಆಟ ನೋಡಿ. ಕಾಂಗ್ರೆಸ್ ನೇತೃತ್ವದ ಯುಪಿಎ ಸರ್ಕಾರ 2009ರಲ್ಲಿ ಶುರು ಮಾಡಿತು. 2014ರಲ್ಲಿ, ಆಧಾರ್‌ನ ಮುಖ್ಯಸ್ಥರಾಗಿದ್ದ ನಂದನ್ ನಿಲೇಕಣಿ ಬೆಂಗಳೂರು ದಕ್ಷಿಣದಲ್ಲಿ ಕಾಂಗ್ರೆಸ್‌ನಿಂದ ನಿಂತರು. ಎದುರಿಗೆ ಬಿಜೆಪಿಯ ಅನಂತಕುಮಾರ್. ಅನಂತಕುಮಾರ್ ಆಧಾರ್ ಅನ್ನು ಟೀಕಿಸಿಯೇ ಪ್ರಚಾರ ಮಾಡಿದರು, 2 ಲಕ್ಷಕ್ಕೂ ಜಾಸ್ತಿ ಮತದಿಂದ ಗೆದ್ದರು. ಎರಡು ವರ್ಷ ಆಗಲಿಲ್ಲ, ಅದೇ ಪಕ್ಷದ ಸರ್ಕಾರ ಆಧಾರ್ ಕಾಯ್ದೆಯನ್ನು ರಾಜ್ಯಸಭೆ ತಡೆಯಲಾಗದ ಧನ ಮಸೂದೆ (ಮನಿ ಬಿಲ್) ಅಂತ ಪಾಸು ಮಾಡಿಸಿತು. ಆಗ ಕಾಂಗ್ರೆಸ್‌ನ ಜೈರಾಮ್ ರಮೇಶ್ ಅದರ ವಿರುದ್ಧ ಸುಪ್ರೀಂ ಕೋರ್ಟ್‌ಗೆ ಹೋದರು. ಹೆತ್ತವರು ಬೇಡ ಅಂದರು, ಬೇಡ ಅಂದಿದ್ದವರು ಸಾಕಿದರು.

ಘಟ್ಟದ_ಕೆಳಗಿನವ

ಇದರಲ್ಲಿ ಒಂದು ಒಳ್ಳೆಯದೂ ಇದೆ, ಅದನ್ನು ಬಿಟ್ಟಿರಿ. ಆಧಾರ್ ವಿರುದ್ಧ 2012ರಲ್ಲಿ ಕೋರ್ಟ್‌ಗೆ ಹೋದವರು ನಮ್ಮ ರಾಜ್ಯದ ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗಲೇ ಎಂಬತ್ತು ದಾಟಿದ ವಯಸ್ಸು. ಅವರ ಹೆಸರಿನ ಕೇಸಿನಲ್ಲೇ 2017ರ ಆಗಸ್ಟ್‌ನಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. "ಏನು ಮಾಡಿದರೂ ಅಷ್ಟೇ" ಅಂತ ಅವರೂ ಮನೆಯಲ್ಲಿ ಕೂರಬಹುದಿತ್ತು.

ಸುಮ್ನೆ_ಓದುಗ

ಮುಂದಿನ ವರ್ಷ ಅದೇ ಕೋರ್ಟ್ 4:1ರಲ್ಲಿ ಆಧಾರ್ ಕಾಯ್ದೆ ಬಹುತೇಕ ಸರಿ ಅಂದಿತಲ್ಲ, ಅದನ್ನೂ ಹೇಳಿ ಸ್ವಾಮಿ.

ಘಟ್ಟದ_ಕೆಳಗಿನವ

ಹೇಳ್ತೇನೆ. ಖಾಸಗಿ ಕಂಪನಿಗಳು ಕೇಳುವ ಹಾಗಿಲ್ಲ ಅಂತ 57ನೇ ಕಲಂನ ಆ ಭಾಗ ಹೊಡೆದು ಹಾಕಿದ್ದೂ ಅದೇ ತೀರ್ಪು. ಬ್ಯಾಂಕ್ ಖಾತೆಗೆ, ಸಿಮ್‌ಗೆ ಕಡ್ಡಾಯ ಅನ್ನೋದು ಹೋಯ್ತು. ನೀವು ಲೋಟದ ಖಾಲಿ ಭಾಗವನ್ನೇ ಅಳೆಯಲು ಹೊರಟರೆ ನಾನೇನು ಮಾಡಲಿ?

ಬೇವುಬೆಲ್ಲ

ಪಹಣಿ, ಆಧಾರ್ ಎಲ್ಲ ಬಿಡಿ. ಮತ ಹಾಕೋ ಯಂತ್ರದ ಮೇಲೇ ನಂಬಿಕೆ ಇಲ್ಲದ ಮೇಲೆ ಉಳಿದದ್ದೇನು?

ಚಿತ್ರಾನ್ನಪ್ರಿಯ

ಬಂತಪ್ಪಾ ಇವಿಎಂ. ಹತ್ತೊಂಬತ್ತನೇ ಕಾಮೆಂಟ್ ಆಗಬೇಕಾಯ್ತು, ನಾನು ಹತ್ತರೊಳಗೆ ಬರುತ್ತೆ ಅಂದುಕೊಂಡಿದ್ದೆ.

ಕೋಡ್‌ಕೂಲಿ

ಇವಿಎಂ ಬಗ್ಗೆ ಇಷ್ಟವಾದ ಕಥೆ ಒಂದಿದೆ. 1982ರಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮೊದಲ ಸಲ ಯಂತ್ರ ಇಟ್ಟರು. ಸಿಪಿಐನ ಶಿವನ್ ಪಿಳ್ಳೈ ಚುನಾವಣೆಗೆ ಮೊದಲೇ ಯಂತ್ರ ಬೇಡ ಅಂತ ಕೋರ್ಟ್‌ಗೆ ಹೋಗಿದ್ದರು. ಕೋರ್ಟ್ ಒಪ್ಪಲಿಲ್ಲ. ಚುನಾವಣೆಯಲ್ಲಿ ಅವರೇ 123 ಮತದಿಂದ ಗೆದ್ದರು. ಈಗ ಸೋತ ಕಾಂಗ್ರೆಸ್‌ನ ಎ.ಸಿ. ಜೋಸ್ ಯಂತ್ರದ ವಿರುದ್ಧ ಕೋರ್ಟ್‌ಗೆ ಹೋದರು! ಕಾನೂನಿನಲ್ಲಿ ಯಂತ್ರಕ್ಕೆ ಅವಕಾಶ ಇಲ್ಲ ಅಂತ 1984ರಲ್ಲಿ ಸುಪ್ರೀಂ ಕೋರ್ಟ್ ಆ 50 ಕಡೆ ಮತಪತ್ರದಲ್ಲಿ ಮತ್ತೆ ಮತದಾನ ಮಾಡಿಸಿತು. ಜೋಸ್ ಗೆದ್ದರು. 1988ರಲ್ಲಿ ಕಾಯ್ದೆಯನ್ನೇ ತಿದ್ದಿದರು.

ಅವತ್ತಿನಿಂದ ಇವತ್ತಿನವರೆಗೂ ಅದೇ. 2009ರಲ್ಲಿ ಸೋತಾಗ ಅಡ್ವಾಣಿ ಮತಪತ್ರ ವಾಪಸ್ ಬೇಕು ಅಂದರು. ಈಗ ಕಾಂಗ್ರೆಸ್ ಅನ್ನುತ್ತೆ. 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸಂಪುಟವೇ ಸ್ಥಳೀಯ ಸಂಸ್ಥೆ ಚುನಾವಣೆಗೆ ಮತಪತ್ರ ಬಳಸಿ ಅಂತ ಶಿಫಾರಸು ಮಾಡಿತು. ಅದೇ ಯಂತ್ರದಲ್ಲಿ 135 ಸೀಟು ಗೆದ್ದ ಸರ್ಕಾರ.

ಬೇವುಬೆಲ್ಲ

ಹಾಗಾದರೆ ಅನುಮಾನ ಪಡೋದೇ ತಪ್ಪಾ? ಯಾರಿಗೆ ಮತ ಬಿತ್ತು ಅಂತ ತೋರಿಸುವ ವಿವಿಪ್ಯಾಟ್ ಚೀಟಿ ಏಳು ಸೆಕೆಂಡ್ ಕಾಣಿಸುತ್ತೆ ಸರಿ. ಎಣಿಸೋದು ಒಂದು ವಿಧಾನಸಭಾ ಕ್ಷೇತ್ರಕ್ಕೆ ಬರೀ ಐದು ಮತಗಟ್ಟೆಯದ್ದು. ಎಲ್ಲಾ ಎಣಿಸಿ ಅಂದರೆ 2024ರ ಏಪ್ರಿಲ್‌ನಲ್ಲಿ ಕೋರ್ಟ್ ಬೇಡ ಅಂದಿತು. ಚೀಟಿ ಇದೆ, ಪೆಟ್ಟಿಗೆ ಇದೆ, ಎಣಿಸೋಕೆ ಏನು ದಾಡಿ?

ಕೋಡ್‌ಕೂಲಿ

ತಪ್ಪು ಅಂದಿಲ್ಲ ಮೇಡಂ. ಯಂತ್ರವನ್ನು ಅನುಮಾನಿಸಿ, ಜಾಸ್ತಿ ಎಣಿಸಿ ಅಂತ ಕೇಳಿ, ನಾನೂ ಸಹಿ ಹಾಕ್ತೀನಿ. ಸೋತಾಗ ಮಾತ್ರ ಬರುವ ಅನುಮಾನದ ಬಗ್ಗೆ ಹೇಳಿದೆ.

ಮೈಸೂರುಮಲ್ಲಿಗೆ_ಗಿಡ

ಯಂತ್ರ ಬೇಕಾದರೆ ಬೆಂಗಳೂರಿನ ಬಿಇಎಲ್‌ನದ್ದು ಇರಲಿ, ಹೈದರಾಬಾದಿನದ್ದು ಇರಲಿ. ಬೆರಳಿಗೆ ಹಚ್ಚೋ ಶಾಯಿ ಮಾತ್ರ 1962ರಿಂದ ನಮ್ಮ ಮೈಸೂರಿನದ್ದೇ. ಅದಕ್ಕೆ ಸರ್ವರ್ ಬೇಡ, ಪಾಸ್‌ವರ್ಡ್ ಬೇಡ. ಅದನ್ನು ಅಳಿಸಲು ನಮ್ಮ ಚಿಕ್ಕಪ್ಪ ನಿಂಬೆಹಣ್ಣು, ಪಪ್ಪಾಯಿ ಹಾಲು ಎಲ್ಲಾ ಪ್ರಯತ್ನ ಮಾಡಿ ಕೊನೆಗೆ ಬೆರಳು ಸುಲಿದುಕೊಂಡರು.

ಚಿತ್ರಾನ್ನಪ್ರಿಯ

ಚಿಕ್ಕಪ್ಪ ಯಾಕೆ ಅಳಿಸೋಕೆ ಹೋದ್ರು ಅನ್ನೋದನ್ನ ಹೇಳ್ಲೇ ಇಲ್ವಲ್ಲ.

ಮೈಸೂರುಮಲ್ಲಿಗೆ_ಗಿಡ

ಮದುವೆ ಇತ್ತು. ಫೋಟೊದಲ್ಲಿ ಬೀಳುತ್ತೆ ಅಂತ. ನೀವು ಅಂದುಕೊಂಡ ಹಾಗಲ್ಲ!

ವೇದಿಕೆ_ಕಾವಲುಗಾರ

ಇವಿಎಂ ಜಗಳದಲ್ಲಿ ಪಕ್ಷದ ಹೆಸರು ಹಿಡಿದು ಬೈದ ಆರು ಕಾಮೆಂಟ್ ತೆಗೆದಿದ್ದೇನೆ. ಮೂರು ಆ ಕಡೆಯವು, ಮೂರು ಈ ಕಡೆಯವು. ಲೆಕ್ಕ ಸರಿ ಇದೆ, ಮರುಎಣಿಕೆ ಇಲ್ಲ. ಪಹಣಿಗೆ ವಾಪಸ್ ಬನ್ನಿ.

ಮಲಪ್ರಭಾ_ದಂಡಿ

ಪಹಣಿಗೇ ಬರೋಣ್ರಿ. ರಾಗಿಮುದ್ದೆ ಸರ್, ಸಕಾಲದಾಗ ಹಾಕಿರೇನು? ಸರ್ಕಾರಿ ಕೆಲಸ ಗಡುವಿನೊಳಗ ಮಾಡಿಕೊಡಬೇಕು ಅನ್ನೋ ಸಕಾಲ 2012ರಾಗ ಬಂದಾಗ ತಡ ಆದ್ರ ದಿನಕ್ಕ 20 ರೂಪಾಯಿ, ಜಾಸ್ತಿ ಅಂದ್ರ 500 ರೂಪಾಯಿ ಪರಿಹಾರ ಅಂದಿದ್ರು.

ಸುಮ್ನೆ_ಓದುಗ

ಇಲ್ಲಿ ಯಾರಾದರೂ ಆ 20 ರೂಪಾಯಿ ತಗೊಂಡವರು ಇದ್ದೀರಾ? ಕೈ ಎತ್ತಿ.

ಚಿತ್ರಾನ್ನಪ್ರಿಯ

ಒಂದು ಕೈಯೂ ಇಲ್ಲ.

ಅಕ್ಕಿರೊಟ್ಟಿ

ನಾನು ತಗೊಂಡಿಲ್ಲ. ಆದರೆ ಮೇಲ್ಮನವಿ ಹಾಕಿದ್ದೆ. ಹಾಕಿದ ಮೂರನೇ ದಿನಕ್ಕೆ ಫೋನ್ ಬಂತು. "ಮೇಡಂ, ಯಾಕೆ ಹಾಗೆಲ್ಲ, ನಮಗೇ ಹೇಳಿದ್ದರೆ ಆಗ್ತಿತ್ತಲ್ಲ." ಅವರಿಗೇ ನಾಲ್ಕು ಸಲ ಹೇಳಿದ್ದೆ. ಪ್ರಮಾಣಪತ್ರ ಸಂಜೆಯೇ ಬಂತು. 20 ರೂಪಾಯಿಗೆ ಯಾರೂ ಹೆದರಲ್ಲ, ಹೆಸರು ಮೇಲಿನವರ ಮೇಜಿಗೆ ಹೋಗುತ್ತಲ್ಲ, ಅದಕ್ಕೆ ಹೆದರುತ್ತಾರೆ.

ನಿವೃತ್ತ_ಗುಮಾಸ್ತ

ತಂಗಿ ಸರಿಯಾಗಿ ಹೇಳಿದ್ದಾರೆ. ಇನ್ನೊಂದು ಮಾತು. ಕೆಳಗಿನ ನೌಕರನ ಕಷ್ಟವನ್ನೂ ನೋಡಿ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು (ಹಿಂದಿನ ಗ್ರಾಮ ಲೆಕ್ಕಿಗರು) ಮುಷ್ಕರ ಕೂತಿದ್ದು ನೆನಪಿದೆಯಾ? ಅವರ ಮುಖ್ಯ ದೂರುಗಳಲ್ಲಿ ಒಂದು ಈ ಆ್ಯಪ್‌ಗಳದ್ದೇ. ಬೆಳೆಗೊಂದು, ಮನೆಗೊಂದು, ಆಧಾರ್ ಜೋಡಣೆಗೊಂದು. ಹೊಸ ಮಂತ್ರಿ ಬಂದರೆ ಹೊಸ ಆ್ಯಪ್, ಹಳೆಯದನ್ನು ಯಾರೂ ನಿಲ್ಲಿಸುವುದಿಲ್ಲ. ಹುಡುಗ ಹೊಲದಲ್ಲಿ ನಿಂತು ಫೋಟೊ ತೆಗೆಯಬೇಕಾ, ನಿಮ್ಮ 'ಲಿಂಗ' 'ಗಂಗ' ನೋಡಬೇಕಾ?

ರಾಗಿಮುದ್ದೆ72

ಎಲ್ಲರಿಗೂ ಥ್ಯಾಂಕ್ಸ್. ಗುಮಾಸ್ತ ಸರ್ ಹೇಳಿದ ಹಾಗೆ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿದ್ದೇನೆ. ಹಳೇ ದಾಖಲೆ ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಕೆಲಸ ನಮ್ಮ ತಾಲೂಕಲ್ಲಿ ನಡೆದಿದೆಯಂತೆ, ಸಿಕ್ಕಿದರೆ ಬೇಗ ಸಿಗುತ್ತೆ ಅಂದರು. ಎಂಟು ಸಾವಿರ ಕೊಟ್ಟಿಲ್ಲ. ಕೊಟ್ಟುಬಿಡು ಅಂತ ಮನೆಯಲ್ಲಿ ಹೇಳುತ್ತಿದ್ದಾರೆ.

ಘಟ್ಟದ_ಕೆಳಗಿನವ

ಕೊಡಬೇಡಿ ಮಾರಾಯ್ರೆ.

ಸುಮ್ನೆ_ಓದುಗ

ಕೊಟ್ಟುಬಿಡಿ ಸರ್. ನಿಮ್ಮ ಓಡಾಟದ ಖರ್ಚು ಅದಕ್ಕಿಂತ ಜಾಸ್ತಿ ಆಗುತ್ತೆ.

ರಾಗಿಮುದ್ದೆ72

ಹನ್ನೊಂದು ದಿನ ಆಯ್ತು, ಬರೆಯಲೇಬೇಕು ಅನ್ನಿಸಿತು.

ಹಳೇ ಪಹಣಿ ಸಿಕ್ಕಿತು. ಸ್ಕ್ಯಾನ್ ಆದ ಪ್ರತಿ. ಅಂಚು ಹುಳ ತಿಂದಿದೆ, ನೀಲಿ ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ಒಂಬತ್ತನೇ ಕಲಂನಲ್ಲಿ ಅಪ್ಪನ ಹೆಸರು. 'ಲಿಂ' ಅಂತ ಸ್ಪಷ್ಟವಾಗಿದೆ. ಬರೆದವರ ಕೈ ಮಾತ್ರ ಸ್ವಲ್ಪ ಓರೆ, 'ಲ'ದ ಬಾಲ ಸುತ್ತಿಕೊಂಡು ಒತ್ತಿಬಿಟ್ಟಿದೆ. ಅವಸರದಲ್ಲಿ ನೋಡಿದವರಿಗೆ 'ಗಂ' ಅನ್ನಿಸಬಹುದು. ಇಪ್ಪತ್ತೈದು ವರ್ಷದ ಹಿಂದೆ ಯಾರೋ ಹುಡುಗ ರಾತ್ರಿ ಹೊತ್ತು ನಿದ್ದೆಗಣ್ಣಲ್ಲಿ ಟೈಪ್ ಮಾಡಿರಬೇಕು. ಅಷ್ಟೂ ವರ್ಷ ಅಪ್ಪ ಪಹಣಿ ತೆಗೆಸಿ ಸಾಲ ತಗೊಂಡಿದ್ದಾರೆ, ಕಟ್ಟಿದ್ದಾರೆ. ಅವರಿಗೆ ಓದಲು ಅಷ್ಟಾಗಿ ಬರುತ್ತಿರಲಿಲ್ಲ. ಸೊಸೈಟಿಯವರೂ ಕೇಳಿಲ್ಲ.

ನಕಲು ಲಗತ್ತಿಸಿ ತಹಶೀಲ್ದಾರರಿಗೆ ಕೈಯಲ್ಲೇ ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡೆ. ತಿದ್ದುಪಡಿ ಇನ್ನೂ ಆಗಿಲ್ಲ. "ಲಾಗಿನ್‌ಗೆ ಬಂದಿದೆ" ಅಂತ ಈ ಸಲ ಅವರೇ ಫೋನ್ ಮಾಡಿ ಹೇಳಿದರು.

ಅರ್ಜಿ ಜೊತೆಗೆ ಎರಡು ಸೆಟ್ ಜೆರಾಕ್ಸ್ ಬೇಕು ಅಂದರು. ಸುತ್ತಮುತ್ತ ಇರೋದು ಅದೊಂದೇ ಅಂಗಡಿ. ಹೋದೆ. ಅವನು ಹಳೇ ಪಹಣಿಯನ್ನು ಗಾಜಿನ ಮೇಲಿಡುವ ಮೊದಲು ಬೆಳಕಿಗೆ ಹಿಡಿದು ನೋಡಿ, "ಇದು ಇದ್ದಿದ್ದರೆ ನಾನು ಎರಡೇ ಸಾವಿರಕ್ಕೆ ಮಾಡಿಸಿಕೊಡ್ತಿದ್ದೆ ಅಣ್ಣ" ಅಂದ. ಪುಟಕ್ಕೆ ಎರಡು ರೂಪಾಯಿ ಕೊಟ್ಟು ಬಂದೆ.

ಚಿತ್ರಾನ್ನಪ್ರಿಯ

ರಸೀದಿ ಕೊಟ್ಟನಾ?